ಹಾಲು ಕುಡಿದ ನೆಲ

ಪಂಚಾಕ್ಷರಿ ಭಾವ ರುಬ್ಬುಗುಂಡನ್ನು ಎರಡೂ ಕೈಯಲ್ಲಿ ಎತ್ತಿ, ಹೊಸ ಕಚೇರಿಗೆ ತಾವೇ ಹಾಕಿದ ನೆಲದ ಮೇಲೆ ಧೊಪ್ಪೆಂದು ಬೀಳಿಸಿದರು. ನೆಲ ಬಿರುಕು ಬಿಟ್ಟಿತು. ತಿಪಟೂರಿನ ಮಹಿಳಾ ಸಹಕಾರ ಸಂಘದ ಸಮಿತಿಯವರೆಲ್ಲ "ಅಯ್ಯೋ!" ಎಂದರು.

"ಈಗ ನೋಡ್ರಮ್ಮ!" ಎಂದು ಭಾವ ಬಿರುಕಿಗೆ ಒಂದು ಸೌಟು ಗಂಜಿ ಸುರಿದರು. ನೆಲ ಗುಳಕ್ಕೆಂದು ಕುಡಿಯಿತು. ನಾವು ನೋಡುತ್ತಿದ್ದಂತೆಯೇ ಬಿರುಕು ತುಟಿ ಮುಚ್ಚಿದ ಹಾಗೆ ಮುಚ್ಚಿಕೊಂಡಿತು!

"ತೆಂಗಿನ ನಾರು, ಭತ್ತದ ಹೊಟ್ಟು, ನಾನೇ ಸಾಕಿರೋ ಅಣಬೆ ಬೇರು. ಬೆಟ್ಟ ಒಡೀಬೇಕಾಗಿಲ್ಲ, ಭಟ್ಟೀಲಿ ಸುಡಬೇಕಾಗಿಲ್ಲ. ಬದುಕಿರೋ ನೆಲ ಕಣ್ರಮ್ಮ ಇದು! ವಾರಕ್ಕೊಂದು ಸೌಟು ಗಂಜಿ, ಅಷ್ಟೇ. ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ!"

ಆ ನೆಲವನ್ನು ಹಾಸಿದ ಯಂತ್ರ ಮೂಲೆಯಲ್ಲಿ ನಿಂತಿತ್ತು. ಹಿಟ್ಟಿನ ಗಿರಣಿಗೆ ಆನೆಯ ಸೊಂಡಿಲು ಅಂಟಿಸಿದ ಹಾಗೆ.

ಸಂಘದ ಕಾರ್ಯದರ್ಶಿ ನನ್ನ ಅಕ್ಕ ಸರ್ವಮಂಗಳ. ಹೊಸ ಕಚೇರಿಗೆ ಗ್ರಾನೈಟೇ ಆಗಬೇಕೆಂದು ಅಧ್ಯಕ್ಷೆ ಶಿವನಂಜಮ್ಮ ಹಠ ಹಿಡಿದಾಗ ಅಕ್ಕ ತುಂಬಿದ ಸಭೆಯಲ್ಲಿ ಎದ್ದು, "ನಮ್ಮನೆಯವರ ನೆಲ ಕೆಟ್ಟರೆ ನಾನು ಈ ಕುರ್ಚಿಯಲ್ಲಿ ಮತ್ತೆ ಕೂರೋದಿಲ್ಲ!" ಎಂದುಬಿಟ್ಟಿದ್ದಳು. ನನಗೆ ಆಗಲೇ ಬೆವರಿತ್ತು. ಭಾವನ ಕಾಯಿ ತುರಿಯುವ ಯಂತ್ರ ಪಕ್ಕದ ಮನೆಯ ಕುಂಬಳಕಾಯಿಯನ್ನು ಹುಡುಕಿಕೊಂಡು ಹೋದದ್ದನ್ನು ಕಣ್ಣಾರೆ ಕಂಡವನು ನಾನು.

ಕಚೇರಿ ಪ್ರವೇಶದ ದಿನ ಬಂತು. ಹಾಲು ಉಕ್ಕಿಸಬೇಕಲ್ಲ? ಒಂದು ಪಾತ್ರೆ ಸಾಕಿತ್ತು. ಆದರೆ ನಿರ್ದೇಶಕಿಯರೆಲ್ಲರೂ ತಮ್ಮ ತಮ್ಮ ಮನೆಯ ಹಸುವಿನ ಹಾಲು ತಂದಿದ್ದರು. ಯಾರ ಹಾಲು ಮೊದಲು ಉಕ್ಕಬೇಕೆಂದು ಜಗಳವಾಗಿ, ಕೊನೆಗೆ ಎಲ್ಲರದೂ ಒಟ್ಟಿಗೇ ಉಕ್ಕಲಿ ಎಂದು ತೀರ್ಮಾನವಾಯಿತು. ಹಜಾರದ ತುಂಬ ಒಲೆಗಳು!

ಭಾವನ ಮುಖ ಬಿಳಿಚಿತು. "ಅಷ್ಟೊಂದು ಹಾಲು ಉಕ್ಕಿಸಬೇಡಿ... ನೆಲ ಕುಡಿದ್ರೆ..."

"ಏನಂದ್ರಿ?" ಶಿವನಂಜಮ್ಮ ಸೊಂಟಕ್ಕೆ ಕೈ ಇಟ್ಟರು. "ಪ್ರವೇಶದ ದಿನ ಹಾಲು ಉಕ್ಕಬಾರದಾ? ಎಂಥ ಬಾಯಿ ರೀ ನಿಮ್ದು!"

ಅಕ್ಕನ ಕಿವಿಗಳು ಕೆಂಪಾದವು. "ರೀ, ಎಲ್ಲರೆದುರಿಗೆ ನನ್ನ ಮರ್ಯಾದೆ ತೆಗೀಬೇಡಿ!"

"ಮಂಗಳಾ, ಒಂದೇ ಒಂದು ಮಾತು..."

"ಹೊರಗೆ ಹೋಗಿ ಚಪ್ಪಲಿ ಕಾಯ್ರಿ!"

ಭಾವ ಹೋಗಿ ಚಪ್ಪಲಿಗಳ ನಡುವೆ ಕುಳಿತರು.

ಹಾಲು ಉಕ್ಕಿತು. ಚಪ್ಪಾಳೆ ಬಿತ್ತು. ನೆಲ ಗುಳ ಗುಳ ಕುಡಿಯಿತು. ಒಂದು ಕಲೆಯೂ ಇಲ್ಲ!

"ನೋಡಿದ್ರಾ, ಒರೆಸೋ ಕೆಲಸಾನೂ ಇಲ್ಲ!" ಎಂದು ಅಕ್ಕ ತಲೆ ಎತ್ತಿ, ತನ್ನ ಪಾತ್ರೆಯಲ್ಲಿ ಉಳಿದಿದ್ದ ಹಾಲನ್ನೂ ನೆಲಕ್ಕೆ ಬಗ್ಗಿಸಿದಳು.

ಶಿವನಂಜಮ್ಮ ಕುರ್ಚಿಯಲ್ಲಿ ಕುಳಿತೇ ಭಾಷಣ ಆರಂಭಿಸಿದರು. ಸಂಘದ ಏಳಿಗೆಯ ಬಗ್ಗೆ ಮಾತನಾಡುತ್ತಿದ್ದವರು ಥಟ್ಟನೆ ನಿಲ್ಲಿಸಿ, "ಇದೇನ್ರೇ, ಗೋಡೆ ಗಡಿಯಾರ ಕೆಳಗಿಳೀತಿದೆ!" ಎಂದರು.

"ಗಡಿಯಾರ ಅಲ್ಲಮ್ಮ, ನೀವೇ ಮೇಲೇರ್ತಿದೀರಿ!" ಎಂದು ಯಾರೋ ಕೂಗಿದರು.

ನೆಲ ಹುದುಗು ಬಂದ ದೋಸೆ ಹಿಟ್ಟಿನಂತೆ ಉಬ್ಬುತ್ತಿತ್ತು! ಉಬ್ಬಿದಲ್ಲೆಲ್ಲ ಸಣ್ಣಗೆ ತೇಗುತ್ತಿತ್ತು. ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಳಿತರು. ತಲೆಯ ಮೇಲೆ ಫ್ಯಾನು ಭರ್ರೆಂದು ಹತ್ತಿರವಾಯಿತು.

"ಫ್ಯಾನ್ ಆರಿಸ್ರೋ!"

"ಸ್ವಿಚ್ಚೆಲ್ಲಿ?"

ಸ್ವಿಚ್ಚನ್ನು ನೆಲ ನುಂಗಿತ್ತು. ನಾನು ಬಾಗಿಲಿನಿಂದ ಹೊರಗೆ ಜಿಗಿದು ಮೇನ್ ಸ್ವಿಚ್ ಆರಿಸುವಷ್ಟರಲ್ಲಿ ಫ್ಯಾನು ಶಿವನಂಜಮ್ಮನವರ ತುರುಬಿನ ಮಲ್ಲಿಗೆಯನ್ನು ಕಿತ್ತು ಸಭೆಗೆಲ್ಲ ಹಂಚಿತ್ತು.

"ಭಾವ, ನಿಲ್ಲಿಸೋದು ಹೇಗೆ?"

"ನಿಲ್ಸೋಕಾಗಲ್ಲ ಕಣೋ. ಹೊಟ್ಟೆ ತುಂಬಿದ್ಮೇಲೆ ಅದೇ ಮಲಗುತ್ತೆ."

ಹಾಗೇ ಆಯಿತು. ನೆಲ ಕೊನೆಗೊಂದು ದೊಡ್ಡ ತೇಗು ತೇಗಿ ಕಲ್ಲಿನ ಹಾಗೆ ಗಟ್ಟಿಯಾಯಿತು. ಬಾಗಿಲು ಅರ್ಧ ಮಾತ್ರ ಉಳಿದಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ, ಕೈ ಹಿಡಿದು ಇಳಿದರು. ಅಕ್ಕ ಎಲ್ಲರಿಗಿಂತ ಕೊನೆಗೆ ಬಂದಳು. ಹೊರಗೆ ಬಂದ ಮೇಲೂ ಅವಳ ತಲೆ ಮೇಲೇಳಲಿಲ್ಲ.

ಭಾವನ ಎದುರು ನಿಂತು ಚಪ್ಪಲಿಗಳನ್ನೇ ನೋಡಿದಳು. "ನೀವು ಹೇಳೋಕೆ ಬಂದ್ರಿ" ಎಂದಳು.

"ಜೋರಾಗಿ ಹೇಳಬೇಕಿತ್ತು" ಎಂದರು ಭಾವ, ಅವರೂ ಚಪ್ಪಲಿಗಳನ್ನೇ ನೋಡುತ್ತ.

ಅಕ್ಕ ಶಿವನಂಜಮ್ಮನವರ ಕಡೆ ತಿರುಗಿದಳು. "ಅಮ್ಮಾ, ನಾನು ಮಾತು ಕೊಟ್ಟಿದ್ದೆ. ನಾಳೆಯಿಂದ ಆ ಕುರ್ಚಿಯಲ್ಲಿ ಕೂರಲ್ಲ."

ಶಿವನಂಜಮ್ಮ ಕೂದಲಲ್ಲಿ ಸಿಕ್ಕಿದ್ದ ಮಲ್ಲಿಗೆ ದಂಡೆಯ ನಾರನ್ನು ಬಿಡಿಸಿಕೊಳ್ಳುತ್ತ ಒಳಗೆ ಇಣುಕಿದರು. "ಯಾವ ಕುರ್ಚಿ ಕಣಮ್ಮ? ಕುರ್ಚಿ ಹಾಕೋಕೆ ಎತ್ತರ ಎಲ್ಲಿ ಉಳಿಸಿದಾರೆ ನಿಮ್ಮನೆಯವರು? ಚಾಪೆ ತಗೊಂಡು ಬಂದು ಕೂತು ಕೆಲಸ ಮಾಡು. ನಾನೂ ಅಲ್ಲೇ ಕೂರಬೇಕಲ್ಲ!"

ಗಟ್ಟಿಯಾದ ಆ ನೆಲವನ್ನು ಒಡೆಯಲು ಇಂದಿಗೂ ಯಾರಿಂದಲೂ ಆಗಿಲ್ಲ. ಸಂಘಕ್ಕೆ ಬರುವವರೆಲ್ಲ ನಡು ಬಗ್ಗಿಸಿಯೇ ಒಳಗೆ ಹೋಗುತ್ತಾರೆ. ಬೇರೆ ಊರಿನವರು ಬಂದು, ಇಲ್ಲಿನ ಹೆಂಗಸರಿಗೆ ಎಷ್ಟು ವಿನಯ ಎಂದು ಹೊಗಳುತ್ತಾರೆ. ಹೊಗಳಿಕೆ ಕೇಳಿ ಅಕ್ಕ ಇನ್ನಷ್ಟು ಬಗ್ಗುತ್ತಾಳೆ.

ಬಂದವರಿಗೆ ಟೀ ಕೊಡುತ್ತಾರೆ. ಹಾಲಿಲ್ಲದ್ದು.