ಗಾಲಿಕುರ್ಚಿಯಲ್ಲಿ ನನ್ನ ಸ್ವಾವಲಂಬನೆ

"ಸ್ವಾವಲಂಬನೆ ಅನ್ನೋದು ಬಹಳ ಸುಲಭ ಕಣ್ರೀ. ಕಲಿಸೋರು ಸರಿಯಾಗಿರಬೇಕು ಅಷ್ಟೆ" ಎಂದು ಅಂದು ಬೆಳಿಗ್ಗೆ ನಮ್ಮ ಯಜಮಾನರಿಗೆ ಹೇಳಿದೆ. ಶ್ರೀರಂಗಪಟ್ಟಣದಲ್ಲಿ ಮೇಷ್ಟರಾಗಿರುವ ಅವರು ಪೇಪರಿನಿಂದ ತಲೆಯೆತ್ತದೆ, "ಸರಿ, ಕಾಫಿ ಲೋಟ ತೊಳೆದಿಟ್ಟು ಹೋಗು" ಎಂದರು. ದೊಡ್ಡ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲ!

ನಾನು ನರ್ಸು. ಅಂಗವಿಕಲ ಹುಡುಗ ಹುಡುಗಿಯರಿಗೆ ತಮ್ಮ ಮೈಯ ಆರೈಕೆಯನ್ನು ತಾವೇ ಮಾಡಿಕೊಳ್ಳುವುದು ಹೇಗೆಂದು ಹೇಳಿಕೊಡುವುದು ನನ್ನ ಕೆಲಸ. ಅಂದು ಹೋಗಿದ್ದು ಕ್ಯಾತನಹಳ್ಳಿಯ ಸವಿತಾಳ ಮನೆಗೆ. ಹುಡುಗಿಯ ಕಾಲಿನಲ್ಲಿ ಹುಟ್ಟಿನಿಂದ ಬಲವಿಲ್ಲ. ಆ ಬಾಕಿಯನ್ನೆಲ್ಲ ದೇವರು ಬಾಯಿಗೆ ಕೊಟ್ಟುಬಿಟ್ಟಿದ್ದಾನೆ. ಮೈಸೂರಿನಲ್ಲಿ ಕಾಲೇಜು, ಹಾಸ್ಟೆಲು ಎರಡೂ ಸಿಕ್ಕಿದ್ದವು, ಸೋಮವಾರ ಸೇರಬೇಕು. ಆದರೆ ಅವಳ ತಾಯಿ ಜಯಮ್ಮ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಬಚ್ಚಲಿಗೂ ಮಗಳನ್ನು ಅವರೇ ಎತ್ತಿಕೊಂಡು ಹೋಗುತ್ತಿದ್ದರು. ಅವ್ವನ ಸೊಂಟ ಬಿದ್ದುಹೋಗುತ್ತದೆಂದು ಹುಡುಗಿ ಸರಿಯಾಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

"ನೀರು ಕುಡೀದಿದ್ರೆ ಕಾಯಿಲೆ ಬರುತ್ತೆ ಜಯಮ್ಮ. ಅವಳೇ ಹೋಗಲಿ ಬಿಡಿ, ಬಚ್ಚಲಿಗೂ, ಹಾಸ್ಟೆಲಿಗೂ."

"ಅಲ್ಲಿ ಬಿದ್ದೋದ್ರೆ ಎತ್ತೋರು ಯಾರ್ ಸಿಸ್ಟ್ರೆ? ನಾನ್ ಕಳ್ಸಕಿಲ್ಲ ಅಂದ್ರೆ ಕಳ್ಸಕಿಲ್ಲ."

ಇನ್ನು ಬಾಯಿಮಾತು ಸಾಲದು, ಪ್ರಾತ್ಯಕ್ಷಿಕೆಯೇ ಆಗಬೇಕು ಎಂದು ತೀರ್ಮಾನಿಸಿದೆ. ಸವಿತಾಳ ಗಾಲಿಕುರ್ಚಿ ಕೇಳಿದೆ. ಅವಳು ಕೈಯೂರಿ ಸರಕ್ಕನೆ ಜಗುಲಿಗೆ ಜಾರಿ ಕೂತಳು. ಅದನ್ನು ಗಮನಿಸುವ ವ್ಯವಧಾನ ನನಗಿರಲಿಲ್ಲ. ನಾನು ಕುರ್ಚಿಯಲ್ಲಿ ವಿರಾಜಮಾನಳಾಗುತ್ತಿದ್ದೆ.

"ನೋಡಿ, ಒಂದೇ ಸಮ ಕೂತರೆ ಹುಣ್ಣಾಗುತ್ತೆ. ಆಗಾಗ ಎರಡೂ ಕೈ ಊರಿ ಮೈಯನ್ನ ಹೀಗೆ ಮೇಲೆ ಎತ್ತಬೇಕು."

ಎತ್ತಿದೆ. ಮೈ ಏಳಲಿಲ್ಲ!

"ಸಿಸ್ಟರ್, ಬ್ರೇಕು..." ಎಂದಳು ಸವಿತಾ.

"ಪಾಠದ ಮಧ್ಯೆ ಮಾತಾಡಬಾರದು" ಎಂದು ಗದರಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಮತ್ತೊಮ್ಮೆ ಜೀಕಿದೆ. ಈ ಸಲ ಎದ್ದಿತು. ಕುರ್ಚಿಯೂ ಹೊರಟಿತು!

ಮನೆ ಮುಂದೆ ಇಳಿಜಾರು. ಇಳಿಜಾರಿನ ಕೊನೆಗೆ ಆಲೆಮನೆ. ಅಲ್ಲಿ ಬೆಲ್ಲದ ಪಾಕ ಕೊತಕೊತ ಕುದಿಯುತ್ತಿತ್ತು. ಆರೋಗ್ಯ ಶಿಕ್ಷಣಕ್ಕಾಗಿ ಬೆಲ್ಲದಚ್ಚಾದ ಮೊದಲ ನರ್ಸು ನಾನೇ ಎಂಬುದು ಖಚಿತವಾಯಿತು. ಜಯಮ್ಮ ಎದೆ ಬಡಿದುಕೊಂಡು, "ಅಯ್ಯಯ್ಯೋ, ಸಿಸ್ಟ್ರು ಒಂಟೋದ್ರಲ್ಲಪ್ಪೋ!" ಎಂದು ನಿಂತಲ್ಲೇ ಕೂಗುತ್ತಿದ್ದರು. ನಾನು ಸಕಲ ದೇವರುಗಳನ್ನೂ ಕರೆದೆ. ಉತ್ತರ ಕೊಟ್ಟವಳು ಸವಿತಾ ಒಬ್ಬಳೇ.

"ಸಿಸ್ಟರ್, ಕಣ್ ಬುಡಿ! ಎಡಗಡೆ ಚಕ್ರದ ಬಳೆ ಒಂದ್ನೇ ಇಡ್ಕಳಿ! ಬಲಗೈ ಬುಡಿ! ಬುಡಿ ಅಂದ್ರೆ ಬುಡಿ!"

ಬಿಟ್ಟೆ. ಕುರ್ಚಿ ಎಡಕ್ಕೆ ಗರ್ರನೆ ತಿರುಗಿ ಕಬ್ಬಿನ ಸಿಪ್ಪೆಯ ರಾಶಿಗೆ ನುಗ್ಗಿತು. ನನ್ನ ಎರಡು ಕಾಲು ಮಾತ್ರ ಹೊರಗೆ ಉಳಿದವು.

ಆಲೆಮನೆಯವರು ನನ್ನನ್ನು ಕಿತ್ತು ತಂದು ಜಗುಲಿಯಲ್ಲಿ ಸವಿತಾಳ ಪಕ್ಕ ಇಳಿಸಿದರು. ಕಾಲು ಉಳುಕಿ ಕುಂಬಳಕಾಯಿಯಾಗಿತ್ತು. ಸವಿತಾ ಅದಕ್ಕೆ ತಣ್ಣೀರುಬಟ್ಟೆ ಹಾಕಿ, ಒಂದು ಚೊಂಬು ನೀರು ನನ್ನ ಕೈಗಿಟ್ಟಳು.

"ಕುಡೀರಿ. ನೀರು ಕುಡೀದಿದ್ರೆ ಕಾಯಿಲೆ ಬತ್ತದೆ."

ನನ್ನ ಪಾಠ ನನಗೇ! ತೆಪ್ಪಗೆ ಕುಡಿದೆ. ಚೊಂಬು ನೀರು ತನ್ನ ಕೆಲಸ ಶುರುಮಾಡಿದಾಗ ಜಯಮ್ಮ ಸೆರಗು ಬಿಗಿದು, ನನ್ನನ್ನು ಅನಾಮತ್ತಾಗಿ ಎತ್ತಿಕೊಂಡು ಬಚ್ಚಲಿಗೆ ನಡೆದರು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ. ಆ ಹುಡುಗಿ ನೀರು ಕುಡಿಯುವುದನ್ನು ಬಿಟ್ಟಿದ್ದು ಯಾಕೆಂದು ಆಗ ನಿಜವಾಗಿ ಅರ್ಥವಾಯಿತು.

ವಾಪಸು ತಂದು ಕೂರಿಸಿ ಜಯಮ್ಮ ಮಗಳನ್ನೇ ನೋಡಿದರು. "ನಂಗೆ ಕೈಕಾಲೇ ಆಡ್ನಿಲ್ಲ. ಇವ್ಳು ಕೂತಲ್ಲೇ ಕೂತ್ಕಂಡು ಕುರ್ಚಿ ತಿರುಗ್ಸ್ಬುಟ್ಲಲ್ಲ!" ಎಂದು ಕಣ್ಣೊರೆಸಿಕೊಂಡರು. ಆಮೇಲೆ ನನ್ನಿಂದಲೇ ನಮ್ಮ ಯಜಮಾನರಿಗೆ ಫೋನು ಮಾಡಿಸಿ, ಅದನ್ನು ಕಿತ್ತುಕೊಂಡು ತಾವೇ ಮಾತಾಡಿದರು.

"ಮೇಷ್ಟ್ರೆ, ನಮ್ ಸವಿತಾ ಸೋಮ್ವಾರ ಆಸ್ಟ್ಲಿಗೆ ಓಯ್ತಾಳೆ, ಅವಳ್ದೇನೂ ಯೋಚ್ನೆ ಇಲ್ಲ. ನಿಮ್ಮನೆಯೋರ್ನ ಮಾತ್ರ ಒಬ್ರನ್ನೇ ಎಲ್ಲೂ ಕಳಿಸ್ಬ್ಯಾಡಿ. ಬಂದು ಎತ್ಕಂಡೋಗಿ!"