ಭಾವಿ ಅಳಿಯನಿಗೆ ಬೆಂಕಿಗಡಿಗೆ

ಮನುಷ್ಯರನ್ನು ಅಳೆಯುವ ವಿದ್ಯೆಯಲ್ಲಿ ಇಡೀ ತಾಂಡೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗಲೂ ಅರ್ಧ ನಂಬುತ್ತೇನೆ. ಉಳಿದರ್ಧ ಹೋದ ಭಾನುವಾರ ಹೋಯಿತು. ಈ ನಂಬಿಕೆಗೆ ಕಾರಣ ನನ್ನ ಕಸುಬು. ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಸಣ್ಣ ಕಾರ್ಖಾನೆ ನನ್ನದು. ಕಲ್ಲಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಬರುವ ಸದ್ದಿನಿಂದಲೇ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳಿಬಿಡುತ್ತೇನೆ. ಕಲ್ಲಿನ ಒಳಗನ್ನೇ ತಿಳಿಯುವವನಿಗೆ ಮನುಷ್ಯನ ಒಳಗು ಯಾವ ಲೆಕ್ಕ! ಹೀಗಿರುವಾಗ ಮಗಳಿಗೆ ಬಂದ ವರನನ್ನು ಕುಟ್ಟಿ ನೋಡದೆ ಒಪ್ಪಿಕೊಳ್ಳುವುದುಂಟೆ?

ವರನ ಹೆಸರು ಬಸವಕಿರಣ. ಮನೆ ಜಹೀರಾಬಾದ್, ಕೆಲಸ ನಾರಾಯಣಖೇಡದಲ್ಲಿ ದನದ ಡಾಕ್ಟರು. ತಂದೆ ಬಂಡೆಪ್ಪನವರು ಆಲೂಗಡ್ಡೆ ವ್ಯಾಪಾರಿಗಳು. ನನ್ನ ಮಗಳು ರಾಜೇಶ್ವರಿ ಇಲ್ಲಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ವರನ ಕಡೆಯವರು ಒಮ್ಮೆ ನಮ್ಮ ಮನೆಗೆ ಬಂದು ಹೋಗಿದ್ದರು. ಹುಡುಗನಿಗೆ ಹುಡುಗಿ ಒಪ್ಪಿಗೆ, ಹುಡುಗಿಗೆ ಹುಡುಗ ಒಪ್ಪಿಗೆ, ನನ್ನ ಹೆಂಡತಿ ಜಗದೇವಿಗೆ ಎಲ್ಲರೂ ಒಪ್ಪಿಗೆ. ಭಾನುವಾರ ಸಂಜೆಯೊಳಗೆ ಎರಡೂ ಮನೆಯ ಹಿರಿಯರು ಕೊನೆಯ ಮಾತು ಹೇಳಿಬಿಡುವುದೆಂದು ಗೊತ್ತಾಗಿತ್ತು.

"ಹೂಂ ಅಂದುಬಿಡ್ರಿ. ಇನ್ನೇನು ನೋಡೋದದ?" ಎಂದಳು ಜಗದೇವಿ.

"ಒಂದು ತಾಸು ಕುಂತು ಚಹಾ ಕುಡದು ಹೋದ್ರ ಗುಣ ತಿಳೀತದೇನ? ಬಿಸ್ಕೀಟು ತಿನ್ನೋ ಮುಂದ ಎಲ್ಲಾರೂ ಒಳ್ಳೆಯವ್ರೇ!"

"ಮತ್ತ ಏನು ಮಾಡ್ತೀರಿ? ಅವನ ತಲಿ ಕುಟ್ಟಿ ನೋಡ್ತೀರೇನು?"

ಹೆಂಡತಿ ಹಾಸ್ಯಕ್ಕೆ ಹೇಳಿದ ಮಾತು ನನಗೆ ದಾರಿ ತೋರಿಸಿತು. ರಾಜೇಶ್ವರಿ ಮತ್ತು ಆ ಹುಡುಗ ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ತಮ್ಮ ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಒಂದು ಕತ್ತಿವರಸೆಯ ಆಟ ಆಡುತ್ತಾರೆ. ಇಬ್ಬರೂ ಜೋಡಿ ಯೋಧರಾಗಿ ಕಾಡು, ಗುಹೆ ಸುತ್ತಿ ತೋಳ, ರಾಕ್ಷಸರನ್ನು ಹೊಡೆಯುವ ಆಟ. ಅವಳ ಜಾಗದಲ್ಲಿ ನಾನು ಕುಳಿತರೆ? ಪರದೆಯ ಮೇಲೆ ಅವಳದೇ ಹೆಸರು ಇರುತ್ತದೆ. ಮೈಕ್ ಆರಿಸಿಬಿಟ್ಟರೆ ಹುಡುಗನಿಗೆ ಗುಟ್ಟು ತಿಳಿಯುವುದಿಲ್ಲ. ನನ್ನ ಮಗಳ ಜೊತೆ ಅವನು ಕಷ್ಟದಲ್ಲಿ ಹೇಗೆ ನಡೆದುಕೊಳ್ಳುತ್ತಾನೆಂದು ಕಣ್ಣಾರೆ ಕಾಣಬಹುದು! ಹಿಂದಿನ ರಾಜರು ವೇಷ ಮರೆಸಿ ಊರು ಸುತ್ತುತ್ತಿದ್ದರಂತೆ. ನಾನು ಕುರ್ಚಿಯಲ್ಲಿ ಕುಳಿತೇ ಸುತ್ತಲು ನಿರ್ಧರಿಸಿದೆ.

"ರಾಜೂ, ಆ ಆಟ ನನಗೂ ಜರಾ ಕಲಿಸವ್ವಾ. ಸುಮ್ಮ ಟೈಂಪಾಸಿಗೆ," ಎಂದೆ ಬುಧವಾರ.

ಅವಳು ಯಾಕೆಂದು ಒಮ್ಮೆಯೂ ಕೇಳಲಿಲ್ಲ. ನಾನದನ್ನು ಪಿತೃಭಕ್ತಿ ಎಂದುಕೊಂಡೆ.

"ಡಬ್ಲ್ಯೂ ಒತ್ತಿದ್ರ ಮುಂದ, ಎಸ್ ಹಿಂದ, ಎ ಎಡಕ್ಕ, ಡಿ ಬಲಕ್ಕ. ಮೌಸ್ ತಿರುಗಿಸಿದ್ರ ಮುಖ ತಿರಗ್ತದ. ಮೌಸಿನ ಎಡಗಡೆ ಒತ್ತಿದ್ರ ಕತ್ತಿ, ಬಲಗಡೆ ಒತ್ತಿದ್ರ ಏಟು ತಡಿಯೋ ಢಾಲು. ಜೋಡಿದಾರ ಬಿದ್ದಾಗ ಹತ್ರ ಹೋಗಿ ಇ ಒತ್ತಿ ಹಿಡದ್ರ ಅವ ಎದ್ದು ನಿಲ್ತಾನ. ತಿಳೀತೇನಪ್ಪಾ?"

"ಇಷ್ಟೇ? ಇದಕ್ಕ ನೀವು ಹುಡುಗರು ಇಷ್ಟು ಒದ್ದಾಡ್ತೀರಿ!" ಎಂದು ಮೌಸ್ ಹಿಡಿದೆ. ತುಸು ಅಲುಗಿಸಿದ್ದೇ ತಡ, ಭೂಮಿ ಮಾಯವಾಯಿತು. ಪರದೆಯ ತುಂಬ ಬರೀ ನೀಲಿ ಆಕಾಶ, ಎರಡು ಮೋಡ.

"ಅಪ್ಪಾ, ಕೆಳಗ ನೋಡು."

"ನೋಡಾಕತ್ತೀನಲ್ಲ!" ನಾನು ಕತ್ತು ಬಗ್ಗಿಸಿ ಟೇಬಲಿನ ಕೆಳಗಿನವರೆಗೂ ನೋಡಿದೆ.

"ನೀ ನೋಡಿದ್ರ ಆಗಲ್ಲಪ್ಪಾ, ಆಟದಾಗಿನ ಅಕಿ ನೋಡ್ಬೇಕು!"

ಆಕಾಶ ನೋಡುತ್ತಲೇ ಡಬ್ಲ್ಯೂ ಒತ್ತಿದೆ. ಮೊದಲ ದಿನ ನನ್ನ ವೀರವನಿತೆ ಎರಡು ಸಲ ಊರಬಾವಿಗೆ ಬಿದ್ದಳು. ಎರಡನೆಯ ದಿನ ಅವಳನ್ನು ಹಾರಿಸಲು ಹೋಗಿ ಕುರ್ಚಿಯಿಂದ ನಾನೇ ಹಾರಿದೆ. ಮೂರನೆಯ ದಿನಕ್ಕೆ ನೇರವಾಗಿ ನಡೆಯಲು ಬಂತು. ತಿರುಗಲು ಇನ್ನೂ ಬಂದಿರಲಿಲ್ಲ. ಶನಿವಾರ ಮಗಳು ಕೊನೆಯ ಎರಡು ಕೀಲಿ ತೋರಿಸಿದಳು. "ಎಚ್ ಒತ್ತಿದ್ರ ಬಗ್ಗಿ ಕೈ ಮುಗೀತಾಳ. ಅದರ ಬಾಜೂಕ ಇರೋ ಜಿ ಮಾತ್ರ ಮುಟ್ಟಬ್ಯಾಡ. ಅದು ಬೆಂಕಿಗಡಿಗಿ, ಎದುರು ಇದ್ದೋರು ಸುಟ್ಟು ಹೋಗ್ತಾರ." ಕೈ ಮುಗಿಯುವುದನ್ನೂ ಬೆಂಕಿ ಹಚ್ಚುವುದನ್ನೂ ಒಂದರ ಪಕ್ಕ ಒಂದು ಇಟ್ಟ ಪುಣ್ಯಾತ್ಮ ಖಂಡಿತ ಬೀಗರ ಸಹವಾಸ ಮಾಡಿದವನು.

ಭಾನುವಾರ ಬಂತು. "ಇವತ್ತ ನಾನೇ ಆಡ್ತೀನಿ" ಎಂದರೆ ಮಗಳು "ಆಡಪ್ಪಾ" ಎಂದು ಅಡುಗೆಮನೆಗೆ ಹೋದಳು. ಹನ್ನೊಂದಕ್ಕೆ ಸರಿಯಾಗಿ ಪರದೆಯ ಮೇಲೆ 'ಬಸವಕಿರಣ' ಎಂಬ ಹೆಸರಿನಡಿ ಆರಡಿ ಎತ್ತರದ ಒಬ್ಬ ಯೋಧ ಬಂದು ನಿಂತ. ಅವನ ಮೈಕೂ ಮೌನವಾಗಿತ್ತು. ಸಂಕೋಚದ ಹುಡುಗ ಎಂದು ಐದು ಅಂಕ ಕೊಟ್ಟೆ.

ಬೀಗತನದ ಮನೆಯವರು ಎದುರಿಗೆ ಬಂದಾಗ ಶರಣು ಮಾಡದೆ ಮುಂದಿನ ಮಾತು ಎತ್ತುವ ವಂಶ ನಮ್ಮದಲ್ಲ. ಭಕ್ತಿಯಿಂದ ಎಚ್ ಒತ್ತಿದೆ. ಒತ್ತಿದ್ದು ಜಿ! ಕಲ್ಲು ಕುಟ್ಟಿ ದಪ್ಪಗಾದ ಬೆರಳು, ಏನು ಮಾಡುವುದು? ಗಡಿಗೆ ಹಾರಿತು, ಬೆಂಕಿ ಎದ್ದಿತು, ಭಾವಿ ಅಳಿಯ ಧಗಧಗ ಉರಿದು ನೆಲಕ್ಕೆ ಬಿದ್ದ.

ಪಕ್ಕದಲ್ಲಿ ತೊಗರಿಬೇಳೆ ಆರಿಸುತ್ತಿದ್ದ ಜಗದೇವಿ ಕಿರುಚಿದಳು. "ರೀ! ಹುಡುಗನ್ನ ಸುಟ್ಟುಬಿಟ್ರಲ್ರಿ!"

"ಶರಣು ಮಾಡೀನಿ!"

"ಹಿಂಗ ಶರಣು ಮಾಡಿದ್ರ ಯಾವ ಬೀಗರು ಉಳೀತಾರ್ರಿ? ಮೊದಲ ಎಬ್ಬಸ್ರಿ ಅವನ್ನ!"

ಓಡಿದೆ. ಅವನನ್ನು ದಾಟಿ ಹೋದೆ. ತಿರುಗಿ ಬಂದೆ, ಮತ್ತೆ ದಾಟಿದೆ. ಮೂರನೆಯ ಸಲಕ್ಕೆ ಪಕ್ಕದಲ್ಲಿ ನಿಂತು ಇ ಒತ್ತಿ ಎಬ್ಬಿಸಿದೆ. ಎದ್ದವನು ಸಿಟ್ಟಾಗಲಿಲ್ಲ. ನನಗೆ ಬೆನ್ನು ಹಾಕಿ ಒಂದು ಬೇವಿನ ಮರಕ್ಕೆ ಗೌರವದಿಂದ ಕೈ ಮುಗಿದ. ತಾಳ್ಮೆಗೆ ಹತ್ತು ಅಂಕ ಕೊಟ್ಟೆ. ಮರಕ್ಕೇಕೆ ಮುಗಿದ ಎಂಬುದು ಮಾತ್ರ ತಿಳಿಯಲಿಲ್ಲ.

ಇಬ್ಬರೂ ಗುಹೆಯ ಬಾಗಿಲಿಗೆ ಬಂದೆವು. ಬಾಗಿಲು ಇಕ್ಕಟ್ಟು, ಒಬ್ಬರೇ ಹೋಗಬೇಕು. ಬೀಗರನ್ನು ಹಿಂದೆ ಬಿಟ್ಟು ತಾವು ಮುಂದೆ ನುಗ್ಗುವುದು ಎಲ್ಲಿಯ ರೀತಿ? ನಾನು ಪಕ್ಕಕ್ಕೆ ಸರಿದು ನಿಂತೆ. ಅವನೂ ಪಕ್ಕಕ್ಕೆ ಸರಿದು ನಿಂತ. ನಾನು ಎರಡು ಹೆಜ್ಜೆ ಹಿಂದೆ ಹೋದೆ. ಅವನು ನಾಲ್ಕು ಹೆಜ್ಜೆ ಹಿಂದೆ ಹೋದ. ನಾನು ಬಗ್ಗಿ ಬಾಗಿಲು ತೋರಿಸಿದೆ. ಅವನು ಇನ್ನೂ ಬಗ್ಗಿ ಬಾಗಿಲು ತೋರಿಸಿದ. ಹತ್ತು ನಿಮಿಷ ಹೀಗೆ ಬಗ್ಗಾಟ ನಡೆಯಿತು. ಒಳಗೆ ಕಾದು ಕಾದು ಬೇಸತ್ತ ತೋಳಗಳು ತಾವೇ ಹೊರಗೆ ಬಂದು ಇಬ್ಬರನ್ನೂ ಬಗ್ಗಿದ ಭಂಗಿಯಲ್ಲೇ ಕಚ್ಚಿ ಕೆಡವಿದವು.

"ಬೀಗರ ಉಪಚಾರ ಮುಗೀತೇನ್ರಿ?" ಎಂದು ಜಗದೇವಿ ಕೇಳಿದಳು.

ಆಟ ಮತ್ತೆ ಶುರುವಾಯಿತು. ಈ ಸಲ ತೋಳಗಳ ಮೇಲೆ ಕತ್ತಿ ಬೀಸಿದೆ. ಮೌಸು ತುಸು ಜಾಸ್ತಿ ತಿರುಗಿತು, ಏಟು ಹುಡುಗನಿಗೆ ಬಿತ್ತು. ಸರಿಪಡಿಸಲು ಇನ್ನೊಮ್ಮೆ ಬೀಸಿದೆ, ಅದೂ ಅವನಿಗೇ. ತೋಳಗಳು ಪಕ್ಕಕ್ಕೆ ಕುಳಿತು ನೋಡತೊಡಗಿದವು. ಹುಡುಗ ಒಂದು ಏಟನ್ನೂ ತಿರುಗಿ ಹೊಡೆಯಲಿಲ್ಲ. ಢಾಲು ಹಿಡಿದು ಗುಹೆಯ ಗೋಡೆಗೆ ಮುಖ ಮಾಡಿ ನಡೆಯುತ್ತಲೇ ಇದ್ದ. ಗೋಡೆ ಜರುಗಲಿಲ್ಲ, ಅವನೂ ಬಿಡಲಿಲ್ಲ. ಕಾಲು ಗಂಟೆ ಗೋಡೆಯೊಳಗೆ ನಡೆದ! ನಾನು ಬಿದ್ದಾಗ ಮಾತ್ರ ಹೇಗೋ ಹಾದಿ ಹುಡುಕಿಕೊಂಡು ಬಂದು ಎಬ್ಬಿಸುತ್ತಿದ್ದ. ಅವನು ಬಿದ್ದಾಗ ನಾನು ಎಬ್ಬಿಸುತ್ತಿದ್ದೆ. ಬಿದ್ದದ್ದು ಬಹುತೇಕ ನನ್ನ ಕತ್ತಿಯಿಂದ ಎನ್ನುವುದು ಬೇರೆ ಮಾತು.

ಕೊನೆಗೆ ಇಬ್ಬರ ಜೀವದ ಕೆಂಪು ಗೆರೆಯೂ ಕೂದಲೆಳೆಯಷ್ಟು ಉಳಿಯಿತು. ನನ್ನ ಚೀಲದಲ್ಲಿ ಒಂದೇ ಒಂದು ರೊಟ್ಟಿ. ತಿಂದವರಿಗೆ ಮರಳಿ ಜೀವ. ಮನೆಗೆ ಬರುವ ಅಳಿಯನನ್ನು ಉಪವಾಸ ಕೆಡವಿ ತಿನ್ನುವ ಬಾಯಿ ನನ್ನದಲ್ಲ. ಅವನ ಮುಂದೆ ರೊಟ್ಟಿ ಇಟ್ಟೆ. ಅವನು ಎತ್ತಿ ನನ್ನ ಮುಂದೆ ಇಟ್ಟ. ನಾನು ತಿರುಗಿ ಅವನ ಮುಂದೆ. ಅವನು ತಿರುಗಿ ನನ್ನ ಮುಂದೆ.

"ಯಾರರೇ ತಿನ್ರಿ! ತೋಳ ಬಂದ್ವು!" ಎಂದು ಜಗದೇವಿ ಬೇಳೆಯ ಮೊರ ಬಿಟ್ಟು ಎದ್ದು ನಿಂತಳು.

ಯಾರೂ ತಿನ್ನಲಿಲ್ಲ. ರೊಟ್ಟಿಯ ಆಚೆ ಒಂದು ಹೆಣ, ಈಚೆ ಒಂದು ಹೆಣ. ಆಟ ಮುಗಿಯಿತು.

ಊಟಕ್ಕೆ ಕುಳಿತಾಗ ನಾನು ಗಂಭೀರವಾಗಿ ತೀರ್ಪು ಓದಿದೆ. "ಗುಣ ಒಳ್ಳೇದದ, ತಾಳ್ಮಿ ಅದ, ಮರ್ಯಾದಿ ಅದ. ಖರೆ, ಆದ್ರ ತಲಿ ಇಲ್ಲ. ಎಡ ಯಾವುದು ಬಲ ಯಾವುದು ತಿಳ್ಯಂಗಿಲ್ಲ. ಗ್ವಾಡಿಯೊಳಗ ಕಾಲು ತಾಸು ನಡೀತಾನ. ಗಿಡಕ್ಕ ಶರಣು ಮಾಡ್ತಾನ. ಇಂಥ ಪೆದ್ದಗ ನನ್ನ ಮಗಳನ್ನ ಕೊಡಂಗಿಲ್ಲ!"

ಜಗದೇವಿಯ ಕೈಯ ತುತ್ತು ಅಲ್ಲೇ ನಿಂತಿತು. ರಾಜೇಶ್ವರಿ ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರು ಬರಬಹುದೆಂದು ಹೆದರಿದೆ. ಆದರೆ ಅವಳು ಪಲ್ಯ ಬಡಿಸುತ್ತ "ಸಂಜಿ ತನಕ ತಡಿಯಪ್ಪಾ, ಅವರ ಫೋನ್ ಬರ್ಲಿ" ಎಂದಳು, ಅಷ್ಟೆ.

ಐದಕ್ಕೆ ಬಂಡೆಪ್ಪನವರ ಫೋನ್ ಬಂತು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಬೇಡ ಎನ್ನುವುದನ್ನು ಎಷ್ಟು ನಯವಾಗಿ ಹೇಳುತ್ತೇನೆಂದು ಮನೆಯವರೂ ಕಲಿಯಲಿ!

"ಶರಣ್ರಿ ಸೂರ್ಯಕಾಂತ ಅವರೇ. ನಮ್ಮ ಮಾತು ಹೇಳೋ ಮೊದಲ ಒಂದು ತಪ್ಪು ಒಪ್ಕೋಬೇಕಾಗ್ಯದ. ಮುಂಜಾನಿ ನಿಮ್ಮ ಮಗಳ ಜೋಡಿ ಆಟಕ್ಕ ಕುಂತಿದ್ದು ಕಿರಣ ಅಲ್ರಿ, ನಾನು. ಹುಡುಗಿ ಗುಣ ನೋಡಬೇಕಂತ ಮಗನ ಕಡೆ ನಾಲ್ಕು ದಿನ ಕಲ್ತು ಕುಂತಿದ್ದೆ. ಮಾಫ್ ಮಾಡ್ರಿ."

ಕಾಲು ಗಂಟೆ ಗೋಡೆಯೊಳಗೆ ನಡೆದದ್ದು ಜಹೀರಾಬಾದಿನ ಆಲೂಗಡ್ಡೆ ವ್ಯಾಪಾರಿ!

"ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಬಂಡೆಪ್ಪನವರು ದನಿ ಇಳಿಸಿದರು. "ಹುಡುಗಿ ಜರಾ ಪೆದ್ದಿ ಏನ್ರಿ? ಬಂದ ಕೂಡ್ಲೇ ನನಗ ಬೆಂಕಿ ಹಚ್ಚಿದ್ಲು. ತೋಳ ಬಿಟ್ಟು ನನ್ನೇ ಹೊಡದ್ಲು. ಒಮ್ಮಿ ಅಲ್ರಿ, ಹನ್ನೊಂದು ಸಲ! ಆದ್ರೂ ನಮ್ಮದು ಒಪ್ಪಿಗಿ ಅದ. ನಾ ಬಿದ್ದಾಗ ಒಂದು ಸಲನೂ ಬಿಟ್ಟು ಹೋಗ್ಲಿಲ್ಲ ಆ ಕೂಸು. ಓಡಿ ಬಂದು ಎಬ್ಬಸ್ತಿತ್ತು. ಇದ್ದ ಒಂದು ರೊಟ್ಟಿ ನನಗೇ ಇಡ್ತಿತ್ತು. ಬುದ್ಧಿ ಕಮ್ಮಿ ಇದ್ರ ನಾವು ಕಲಸ್ತೀವಿ. ಗುಣ ಯಾರು ಕಲಸ್ತಾರ್ರಿ?"

ನನಗೆ ಭೂಮಿ ಬಾಯಿ ತೆರೆದಿದ್ದರೆ ಸಾಕಿತ್ತು. ರಸಾಯನಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದ ಮಗಳು ನನ್ನ ಬೆರಳಿನ ದೆಸೆಯಿಂದ ಪೆದ್ದಿಯಾಗಿ ಅತ್ತೆಮನೆ ಸೇರಬೇಕೆ? ಸುಮ್ಮನಿದ್ದರೆ ಅವಳ ಮಾನ ಹೋಗುತ್ತದೆ, ಬಾಯಿ ಬಿಟ್ಟರೆ ನನ್ನದು. ರಾಜೇಶ್ವರಿ ಬಾಗಿಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಬಂಡೆಪ್ಪನವರೇ, ಪೆದ್ದಿ ನನ್ನ ಮಗಳಲ್ರಿ. ಆ ಪೆದ್ದಿ ನಾನು."

ಆ ಕಡೆ ನಗು ಶುರುವಾಯಿತು. ಆಲೂಗಡ್ಡೆ ಚೀಲ ಬಿಚ್ಚಿ ಸುರಿದಂತೆ ಉರುಳುರುಳಿ ಬಂದ ನಗು. ಅದು ನಿಂತ ಮೇಲೆ ಬಂಡೆಪ್ಪನವರು ಕೇಳಿದರು. "ಹಂಗಾದ್ರ ನೀವೂ ನಮ್ಮ ಹುಡುಗನ್ನ ನೋಡಾಕ ಕುಂತಿದ್ರಿ! ನನ್ನ ಆಟ ನೋಡಿ ಅವನ್ನ ಏನಂತ ತಿಳ್ಕೊಂಡ್ರಿ?"

ಜಗದೇವಿ ಕೆಮ್ಮಿದಳು.

"ಭಾಳ... ಭಾಳ ಮರ್ಯಾದಸ್ಥ ಅಂತ ತಿಳ್ಕೊಂಡೆರಿ. ನಮ್ಮದೂ ಒಪ್ಪಿಗಿ," ಎಂದು ಫೋನ್ ಇಟ್ಟು ಬೆವರು ಒರೆಸಿಕೊಂಡೆ.

"ನಿನಗ ಮೊದಲೇ ಗೊತ್ತಿತ್ತೇನ?" ಎಂದು ಮಗಳನ್ನು ಕೇಳಿದೆ.

"ಬುಧವಾರನೇ ಗೊತ್ತಿತ್ತಪ್ಪಾ. 'ನಮ್ಮಪ್ಪ ಆಟ ಕಲೀಲಾಕತ್ತಾನ' ಅಂತ ಕಿರಣ್ ಫೋನ್ ಮಾಡಿದ್ದ. 'ನಮ್ಮಪ್ಪನೂ' ಅಂದೆ."

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮಗಳು ಹೂಡಿದ ಆಟಕ್ಕಲ್ಲ. ಒಂದೇ ಆಟ, ಅವೇ ಏಟುಗಳು, ಅದೇ ರೊಟ್ಟಿ. ಅದನ್ನು ನೋಡಿ ನಾನು ಬೇಡ ಅಂದೆ, ಆ ಮನುಷ್ಯ ಬೇಕು ಅಂದ. ಇದನ್ನೇ ಜಗದೇವಿಯ ಮುಂದೆ ತೋಡಿಕೊಂಡೆ. "ಬಂಡೆಪ್ಪನವರು ದೊಡ್ಡ ಮನುಷ್ಯರು ನೋಡ. ಪೆದ್ದಿ ಅಂತ ತಿಳಿದೂ ಒಪ್ಪಿದ್ರು!"

ಜಗದೇವಿ ಮೊರದ ಬೇಳೆಯಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

"ಅದರಾಗೇನು ದೊಡ್ಡದದ್ರಿ? ಮೂವತ್ತು ವರ್ಷದ ಹಿಂದ ನಾನೂ ಹಂಗೇ ಒಪ್ಪಿದ್ದೆ."