ಅತ್ತಿಗೆಯ ಮುಳ್ಳಿನ ಸಂಸಾರ

ನನ್ನ ಅತ್ತಿಗೆಯ ಕೈಗೆ ಮುಳ್ಳು ಚುಚ್ಚಿದರೆ ಅವರು ಮೊದಲು ನೋಡುವುದು ಮುಳ್ಳು ಮುರಿಯಿತೇ ಎಂದು. ಕೈಯನ್ನು ಆಮೇಲೆ, ಪುರುಸೊತ್ತಾದರೆ ನೋಡಿಕೊಳ್ಳುತ್ತಾರೆ. ಮೊಮ್ಮಕ್ಕಳೇ, ನಿಮ್ಮ ಅಜ್ಜನ ಈ ಅಕ್ಕನನ್ನು ನೀವು ರಜೆಯಲ್ಲಿ ನೋಡಿದ್ದೀರಿ, ಹೆದರಿದ್ದೀರಿ. ನಿಮ್ಮ ಅಜ್ಜ ಹೋದ ಮೇಲೂ ಕೊಪ್ಪದ ಮನೆಯಲ್ಲಿ ಅವರ ಜೊತೆಗೇ ಇರುವ ಈ ಅಜ್ಜಿ ಹೇಳುವುದನ್ನೂ ಸ್ವಲ್ಪ ಕೇಳಿ.

ಮರಳುಗಾಡಿನ ಗಿಡವನ್ನು ತಂದು ಕೊಪ್ಪದಲ್ಲಿ ಸಾಕುವುದೆಂದರೆ ಮೀನನ್ನು ಅಟ್ಟದ ಮೇಲೆ ಸಾಕಿದ ಹಾಗೆ. ಇಲ್ಲಿ ಜೂನ್ ಬಂತೆಂದರೆ ಮಳೆಗೆ ಮನೆಯ ಬಾಗಿಲೇ ಉಬ್ಬಿ ಹಾಕಲು ಬರುವುದಿಲ್ಲ, ಇನ್ನು ಕ್ಯಾಕ್ಟಸ್ ಕೊಳೆಯದೆ ಉಳಿಯುತ್ತದೆಯೇ? ಅತ್ತಿಗೆ ಅದಕ್ಕೂ ಒಂದು ಉಪಾಯ ಹುಡುಕಿದರು. ಅಡಿಕೆ ಗೊನೆಗೆ ಕೊಳೆರೋಗ ಬಾರದಂತೆ ಪ್ಲಾಸ್ಟಿಕ್ ಚೀಲದ ಕೊಟ್ಟೆ ಕಟ್ಟುತ್ತಾರಲ್ಲ, ಆ ಕೆಲಸದವನನ್ನೇ ನಮ್ಮ ಪಕ್ಕದ ಊರು ನಾರ್ವೆಯಿಂದ ಕರೆಸಿದರು. ಅವನು ಕೊಟ್ಟೆಯ ಕಂತೆ ಹೊತ್ತು ಬಂದು, "ಮರ ಎಲ್ಲಿ ಅಮ್ಮ?" ಎಂದ. ಅತ್ತಿಗೆ ತಾರಸಿಯ ಮೇಲಿನ ಕುಂಡಗಳನ್ನು ತೋರಿಸಿದರು. ಅವನು ಕಂತೆಯನ್ನು ಕೆಳಗಿಟ್ಟ.

"ಮರದಿಂದ ಬಿದ್ರೆ ಕಾಲು ಮುರೀತದೆ, ಅಷ್ಟೇ. ಇದಕ್ಕೆ ಕೈ ಹಾಕಿದ್ರೆ ಊಟಕ್ಕೆ ಹೆಂಡ್ತಿನೇ ತುತ್ತು ಹಾಕ್ಬೇಕು."

"ಹಾಕಿಸ್ಕೋ ಮಾರಾಯ. ಹಾಗಾದ್ರೂ ಅವಳ ಎದುರು ಕೂತು ಉಣ್ತೀಯ" ಎಂದರು ಅತ್ತಿಗೆ.

ಮಳೆಗಿಂತ ದೊಡ್ಡ ಶತ್ರುಗಳು ನೆಂಟರು. ನಮ್ಮ ಕಡೆ ಊಟವಾದ ಮೇಲೆ ಯಾವುದಾದರೂ ಗಿಡದ ಬುಡದಲ್ಲಿ ಕೈ ತೊಳೆಯುವುದು ರೂಢಿ. ನೀರು ದಂಡವಾಗಬಾರದು ನೋಡಿ. ಅಡ್ಡಗದ್ದೆಯ ಭಾವ ಹಾಗೆಯೇ ಒಂದು ಕುಂಡದ ಮೇಲೆ ತಂಬಿಗೆ ಪೂರ್ತಿ ಬಗ್ಗಿಸಿಬಿಟ್ಟರು.

"ಭಾವ, ಅದು ದೀಪಾವಳಿಯಿಂದ ಉಪವಾಸ ಇತ್ತು. ವ್ರತ ಕೆಡಿಸಿದ್ರಿ" ಎಂದರು ಅತ್ತಿಗೆ.

"ಒಣಗಿತ್ತು ಮಾರಾಯ್ತಿ, ಪಾಪ ಅನ್ನಿಸ್ತು."

"ಪಾಪ ಅನ್ನಿಸಿದ್ರೆ ಒರೆಸಿ ಹೋಗಿ."

ಭಾವ ನಿಜವಾಗಿಯೂ ಹೆಗಲ ಮೇಲಿನ ಟವೆಲ್ ತೆಗೆದು ಒರೆಸಿದರು. ಆ ಟವೆಲ್ ಇಂದಿಗೂ ನಮ್ಮ ಮನೆಯಲ್ಲೇ ಇದೆ. ಗಿಡ ಬಿಟ್ಟುಕೊಡಲಿಲ್ಲ.

ಪ್ರತಿ ಕುಂಡಕ್ಕೂ ಒಂದು ಹೆಸರಿನ ಕಡ್ಡಿ. ಹೆಸರು ತಿಳಿಯದ ಗಿಡವನ್ನು ಇಟ್ಟುಕೊಳ್ಳುವುದು ಅತ್ತಿಗೆಯ ಮಟ್ಟಿಗೆ ಗುರುತಿಲ್ಲದವರಿಗೆ ಒಳಕೋಣೆಯಲ್ಲಿ ಹಾಸಿಗೆ ಹಾಸಿದ ಹಾಗೆ. ನಾನು ಎಲ್ಲವನ್ನೂ ಕಳ್ಳಿ ಎನ್ನುತ್ತೇನೆಂದು ಅವರಿಗೆ ಮೈಯೆಲ್ಲ ಉರಿ. "ಮುರಿದಾಗ ಹಾಲು ಬಂದ್ರೆ ಕಳ್ಳಿ. ಮುಳ್ಳಿನ ಬುಡದಲ್ಲಿ ಹತ್ತಿಯಂಥ ಮೆತ್ತೆ ಇದ್ರೆ ಕ್ಯಾಕ್ಟಸ್. ಎಷ್ಟು ಸಲ ಹೇಳದು ನಿಂಗೆ?"

ಇಂಥವರ ತಾರಸಿಯಲ್ಲಿ ಒಂದೇ ಒಂದು ಗುಂಡನೆಯ ಗಿಡಕ್ಕೆ ಹೆಸರಿರಲಿಲ್ಲ. ಯಾಕೆಂದರೆ ಅದು ಕದ್ದ ಮಾಲು. ಕೇಳಿ ತಂದ ಗಿಡಕ್ಕಿಂತ ಕದ್ದು ತಂದದ್ದೇ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮ ಹೆಂಗಸರಲ್ಲಿ ಹಿಂದಿನಿಂದಲೂ ಇದೆ. ಬೇರೆ ಯಾವ ಶಾಸ್ತ್ರವನ್ನೂ ಲೆಕ್ಕಕ್ಕಿಡದ ಅತ್ತಿಗೆ ಇದೊಂದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಶೃಂಗೇರಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ ಎಲ್ಲರೂ ಹೊಸ ಮನೆ ನೋಡಿದರು, ಇವರು ಮೆಟ್ಟಿಲ ಬದಿಯ ಕುಂಡ ನೋಡಿದರು. ತಾಯಿಗಿಡದ ಬುಡದಲ್ಲಿದ್ದ ಪುಟ್ಟ ಮರಿಯೊಂದು ತಾಂಬೂಲದ ಚೀಲದಲ್ಲಿ, ತೆಂಗಿನಕಾಯಿಯ ಪಕ್ಕ ಕೂತು ಕೊಪ್ಪಕ್ಕೆ ಬಂತು. ಬಸ್ಸಿನಲ್ಲಿ ಆ ಚೀಲ ನನ್ನ ತೊಡೆಯ ಮೇಲಿತ್ತು ಎಂದಷ್ಟೇ ಹೇಳುತ್ತೇನೆ.

ಕದ್ದವರು ತಿರುಗಿ ಹೋಗಿ ಹೆಸರು ಕೇಳುವುದು ಹೇಗೆ? ಹೂ ಕಾಣದೆ ಇದರ ಜಾತಿ ಹೇಳಲಾಗದು ಎಂದು ಪುಸ್ತಕಗಳೂ ಕೈಚೆಲ್ಲಿದವು. ಗಿಡವೋ, ವರ್ಷ ವರ್ಷ ದಪ್ಪಗಾಯಿತೇ ಹೊರತು ಹೂವಿನ ಸುದ್ದಿ ಎತ್ತಲಿಲ್ಲ. ಅತ್ತಿಗೆ ದಿನಾ ಬೆಳಿಗ್ಗೆ ಅದರ ಮುಂದೆ ಕೂತು, "ನೀನು ಯಾರ ಪೈಕಿ? ಬಾಯಿ ಬಿಡು" ಎನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಅದರ ನೆತ್ತಿಯ ಮೇಲೆ ಉಣ್ಣೆಯ ಉಂಡೆಯಂಥ ಮೊಗ್ಗು ಕಂಡಿತು. ಕಂಡದ್ದು ನನಗೆ. ಅತ್ತಿಗೆಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಹಿಂದೊಮ್ಮೆ ಮುಂದೆ ಹಾಕಿಯೂ ಆಗಿತ್ತು. ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಗದರಿದ್ದರು.

"ಹೂ ನೋಡ್ಕೊಂಡೇ ಹೋಗದು" ಎಂದರು ಅತ್ತಿಗೆ.

"ಯಾವ ಕಣ್ಣಲ್ಲಿ ನೋಡ್ತೀರಿ?"

ಅವರು ಬೆರಳ ತುದಿಯಿಂದ ಮೊಗ್ಗನ್ನು ಮುಟ್ಟಿ ನೋಡುತ್ತಾ ಕೂತರು. ನನಗೆ ತಡೆಯಲಾಗಲಿಲ್ಲ. "ನೀವು ಹೋಗಿ ಬನ್ನಿ. ಅರಳಿದ ದಿನ ನಾನೇ ಫೋನ್ ಮಾಡಿ ಹೇಳ್ತೀನಿ" ಎಂದೆ.

"ನೀನಾ? ಗ್ಯಾಸಿನವ ಫೋನ್ ಮಾಡಿದ್ರೂ ನನ್ನ ಕೈಗೆ ತಂದು ಕೊಡ್ತೀಯಲ್ಲೇ."

"ಹೇಳ್ತೀನಿ ಅಂದ್ನಲ್ಲ."

ಹೋದರು. ಒಂದು ಕಣ್ಣಿನ ಆಪರೇಷನ್ ಆಯಿತು. ಮಾರನೆಯ ದಿನ ತಾರಸಿಗೆ ಬಿಸಿಲು ಬಂದ ಹೊತ್ತಿಗೆ ಹೂ ಅರಳಿತು. ಫೋಟೋ ಕಳಿಸಬಹುದಿತ್ತಲ್ಲ ಎನ್ನುತ್ತೀರಿ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ, ಫೋಟೋ ನೋಡುವವರು ಯಾರು? ನಾನು ಫೋನ್ ಮಾಡಿದೆ.

"ಬಣ್ಣ ಎಂತದು?"

"ಹಳದಿ."

"ಯಾವ ಹಳದಿ? ಅರಿಶಿನವೋ, ನಿಂಬೆಹಣ್ಣೋ?"

"ಎರಡೂ ಅಲ್ಲ. ಹೊಸ ತುಪ್ಪದ್ದು. ರೇಷ್ಮೆ ಸೀರೆ ಥರ ಹೊಳೀತದೆ."

"ನಡುವೆ?"

"ನಡುವೆ ಕೆಂಪು. ಕೂಸು ಬೆರಳು ಬಿಡಿಸಿದ ಹಾಗೆ ಪುಟ್ಟ ಪುಟ್ಟ ಕೆಂಪು ಎಳೆ. ಸುತ್ತ ಹಳದಿ ಪುಡಿ. ಒಂದು ಜೇನ್ನೊಣ ಬಂದು ಅದರಲ್ಲಿ ಹೊರಳಾಡ್ತಾ ಇದೆ ಅತ್ತಿಗೆ, ಮೈಯೆಲ್ಲ ಪುಡಿ ಮಾಡ್ಕೊಂಡಿದೆ. ಮದುವೆ ಮನೆಯಲ್ಲಿ ನಿಮ್ಮ ಅಡ್ಡಗದ್ದೆ ಭಾವ ಹೋಳಿಗೆ ತಿಂದ ಹಾಗೇ. ಹೊರಗೆ ಬರ್ತದೆ, ಮನಸ್ಸು ತಡೀದೆ ಮತ್ತೆ ಒಳಗೆ ಹೋಗ್ತದೆ. ದಳದ ತುದಿ ಚೂರು..." ಹೀಗೆ ಏನೇನೋ ಹೇಳುತ್ತಾ ಹೋದೆ. ಆಚೆ ಕಡೆ ಸದ್ದೇ ಇಲ್ಲ.

"ಅತ್ತಿಗೆ, ಇದ್ದೀರಾ? ಹೆಸರು ಗೊತ್ತಾಯ್ತಾ?"

"ನಡುವೆ ಕೆಂಪು ಅಂದ್ಯಲ್ಲ, ಆವಾಗಲೇ ಗೊತ್ತಾಯ್ತು. ನೋಟೋಕ್ಯಾಕ್ಟಸ್."

"ಮತ್ತೆ ಎಂತಕ್ಕೆ ಸುಮ್ಮನಿದ್ರಿ?"

ಅತ್ತಿಗೆ ಹೇಳಿದರು: "ನನ್ನ ತಮ್ಮ ಹೋದ ಮೇಲೆ ನೀ ಇಷ್ಟು ಮಾತಾಡಿದ್ದು ಇವತ್ತೇ ಮಾರಾಯ್ತಿ. ಆ ಜೇನ್ನೊಣ ಈಗ ಎಂತ ಮಾಡ್ತಾ ಇದೆ, ಹೇಳು."

ನಾನು ಕುಂಡದ ಪಕ್ಕದಲ್ಲೇ ಕೂತುಕೊಂಡು ಹೇಳತೊಡಗಿದೆ.